“ಬ್ಲಾಕ್ ಇದೆಯಾ?”: ವ್ಯಾಂಪೈರ್ ಕಾರ್ಡ್ ಆಟದಲ್ಲಿ ಅಡ್ಡ ಹಾಕುವ ಕ್ರಮ

(ತುಮಕೂರಿನಲ್ಲಿ ಕಾರ್ಡ್ ಆಟಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್ ಆಟದ ಮೇಜಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಒಬ್ಬರು “ಬ್ಲಾಕ್ ಮಾಡಲ್ವಾ?” ಅಂತ ಕೇಳುತ್ತಾರೆ. ಇನ್ನೊಬ್ಬರು ಕೈಯಲ್ಲಿರುವ ಕಾರ್ಡುಗಳಿಂದ ಕಣ್ಣೆತ್ತದೆ “ಹ್ಞೂಂ” ಅನ್ನುತ್ತಾರೆ. ಈ ಹ್ಞೂಂ ಅಂದರೆ “ಹ್ಞೂಂ, ಮಾಡಲ್ಲ” ಅಂತಲೋ, “ಹ್ಞೂಂ, ಮಾಡ್ತೀನಿ” ಅಂತಲೋ? ಕನ್ನಡದಲ್ಲಿ ಎರಡೂ ಸರಿ. ಕೇಳಿದವರು ಮೊದಲ ಅರ್ಥ ಹಿಡಿದು ದೊಡ್ಡ ಕಾರ್ಡ್ ಒಂದನ್ನು ಮೇಜಿನ ಮೇಲೆ ಹಾಕಿಬಿಡುತ್ತಾರೆ. ಅದನ್ನು ನೋಡಿದ ಮೇಲೆ ಎದುರಿನವರು “ತಾಳಿ, ನಾನು ಬ್ಲಾಕ್ ಬೇಡ ಅಂತ ಎಲ್ಲಿ ಹೇಳಿದೆ?” ಅನ್ನುತ್ತಾರೆ. ಮುಂದಿನ ಹತ್ತು ನಿಮಿಷ ಹೋಯಿತು. ಟೂರ್ನಮೆಂಟಿನಲ್ಲಿ ಒಂದು ಸುತ್ತಿಗೆ ಇರುವುದೇ 2 ಗಂಟೆ, ಅದೂ ಐದು ಜನಕ್ಕೆ ಸೇರಿಸಿ.

ಹಾಗಾಗಿ ನಕಾರದಲ್ಲಿ ಕೇಳುವುದನ್ನು ಮೊದಲು ಬಿಡಿ. “ಬ್ಲಾಕ್ ಇದೆಯಾ?” ಅಂತ ಕೇಳಿ. ಉತ್ತರ “ಇದೆ, ಇವನಿಂದ” ಅಥವಾ “ಇಲ್ಲ, ಮುಗಿಯಿತು”. ನಡುವೆ ಮೂರನೆಯದು ಬೇಡ. ಇದು ಬರೀ ಮರ್ಯಾದೆಯ ಮಾತಲ್ಲ. ನಿಯಮದಲ್ಲಿ “ಮುಗಿಯಿತು” ಅನ್ನುವುದಕ್ಕೆ ನಿಜವಾದ ತೂಕ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಮೇಜು. ಐದು ಜನ ಗುಂಡಗೆ ಕೂತಿದ್ದಾರೆ ಅಂದುಕೊಳ್ಳಿ. ಹೆಸರಿಗೆ ನಮ್ಮ ಜಿಲ್ಲೆಯ ಊರುಗಳನ್ನೇ ಇಡೋಣ: ತುಮಕೂರು, ಅವರ ಎಡಕ್ಕೆ ಶಿರಾ, ಶಿರಾದ ಎಡಕ್ಕೆ ಮಧುಗಿರಿ, ಆಮೇಲೆ ತಿಪಟೂರು, ಕೊನೆಗೆ ಕುಣಿಗಲ್. ಕುಣಿಗಲ್‌ನ ಎಡಕ್ಕೆ ಮತ್ತೆ ತುಮಕೂರು. ನಕ್ಷೆ ಹಿಡಿದು ತಕರಾರು ತೆಗೆಯಬೇಡಿ, ಇದು ಕುರ್ಚಿಯ ಲೆಕ್ಕ. ನಿಮ್ಮ ಎಡಗಡೆಯವರು ನಿಮ್ಮ ಪ್ರೇ, ಬಲಗಡೆಯವರು ನಿಮ್ಮ ಪ್ರಿಡೇಟರ್. ಪ್ರೇ ಅನ್ನುವುದಕ್ಕೆ ಕೆಲವರು ‘ಬೇಟೆ’ ಅನ್ನುತ್ತಾರೆ. ಆದರೆ ಆಟದಲ್ಲಿ ವ್ಯಾಂಪೈರ್ ರಕ್ತ ತುಂಬಿಕೊಳ್ಳುವ ಹಂಟ್ ಅನ್ನುವ ಆಕ್ಷನ್ ಬೇರೆ ಇದೆಯಲ್ಲ, ಅದೂ ಬೇಟೆಯೇ. ಎರಡೂ ಕಲಸಿಹೋಗುತ್ತದೆ. ನಮ್ಮಲ್ಲಿ ‘ಮಿಕ’ ಅನ್ನುವ ಒಳ್ಳೆಯ ಪದ ಇದೆ, ಅದನ್ನೇ ಬಳಸುತ್ತೇನೆ. ಎಡಕ್ಕೆ ಮಿಕ, ಬಲಕ್ಕೆ ಬೇಟೆಗಾರ. ತುಮಕೂರಿನ ಮಿಕ ಶಿರಾ, ಬೇಟೆಗಾರ ಕುಣಿಗಲ್.

ಪ್ರತಿಯೊಬ್ಬರ ಹತ್ತಿರ ಶುರುವಿಗೆ 30 ಪೂಲ್, ಅಂದರೆ ಆಟಗಾರನ ಆಯುಸ್ಸಿನ ಅಂಕ. ಪೂಲ್ ಮುಗಿದವರು ಹೊರಗೆ. ಹೊರಗೆ ಹೋದವರ ಬೇಟೆಗಾರನಿಗೆ 1 ವಿಕ್ಟರಿ ಪಾಯಿಂಟ್, 6 ಪೂಲ್. ಪೂಲ್ ಇಳಿಸುವ ಮುಖ್ಯ ದಾರಿ ಬ್ಲೀಡ್. ಬ್ಲೀಡ್ ಆಗಲಿ, ಹಂಟ್ ಆಗಲಿ, ಆಯುಧ ತರುವುದಾಗಲಿ, ಮಿನಿಯನ್ ಒಂದು (ನಿಮ್ಮ ಕೈಕೆಳಗಿನ ವ್ಯಾಂಪೈರ್ ಅಥವಾ ಆಲೈ ಅನ್ನುವ ಸಂಗಡಿಗ) ಲಾಕ್ ಆಗಿ, ಅಂದರೆ ಕಾರ್ಡ್ ಅಡ್ಡಕ್ಕೆ ತಿರುಗಿ, ಮಾಡುವ ಈ ಕೆಲಸಗಳೆಲ್ಲ ಆಕ್ಷನ್. ಇವನ್ನು ತಡೆಯುವುದೇ ಬ್ಲಾಕ್. ಅಂದಹಾಗೆ ‘ಲಾಕ್’ ಮತ್ತು ‘ಬ್ಲಾಕ್’ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಹಳೆಯ ಕಾರ್ಡುಗಳಲ್ಲಿ ಲಾಕ್ ಬದಲು ಟ್ಯಾಪ್ ಅಂತ ಇರುತ್ತದೆ. ಬಾಯಲ್ಲಿ ಟ್ಯಾಪ್ ಅಂದರೂ ತಪ್ಪೇನಿಲ್ಲ, ಗೊಂದಲವಾದರೂ ತಪ್ಪುತ್ತದೆ.

ಇಲ್ಲಿ ಕೂತಿರುವವರಲ್ಲಿ ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡಿ ಬಂದವರು ಇದ್ದೀರಿ. ಎರಡೂ ಆಟ ರಿಚರ್ಡ್ ಗಾರ್ಫೀಲ್ಡ್ ಅವರದ್ದೇ. ಮ್ಯಾಜಿಕ್ 1993ರದ್ದು, ಇದು 1994ರಲ್ಲಿ ಜಿಹಾದ್ ಅನ್ನುವ ಹೆಸರಿನಲ್ಲಿ ಬಂದು ಮರುವರ್ಷ ಈಗಿನ ಹೆಸರು ಪಡೆಯಿತು. ಒಬ್ಬರೇ ಮಾಡಿದ ಆಟಗಳು ಅಂದ ಮಾತ್ರಕ್ಕೆ ಬ್ಲಾಕ್ ಒಂದೇ ಅಲ್ಲ. ಅಲ್ಲಿ ಒಂದು ದಾಳಿಗೆ ಮೂರು ಜನ ಸೇರಿ ಅಡ್ಡ ನಿಲ್ಲಬಹುದು. ಇಲ್ಲಿ ಒಂದು ಸಲಕ್ಕೆ ಒಬ್ಬನೇ ಪ್ರಯತ್ನಿಸಬೇಕು. ಅಲ್ಲಿ ಅಡ್ಡ ನಿಂತವನು ಟ್ಯಾಪ್ ಆಗುವುದಿಲ್ಲ. ಇಲ್ಲಿ ಬ್ಲಾಕ್ ಯಶಸ್ವಿಯಾದರೆ ಬ್ಲಾಕ್ ಮಾಡಿದವನು ಲಾಕ್ ಆಗುತ್ತಾನೆ. ಅಲ್ಲಿ ದಾಳಿಯನ್ನು ಮಾತ್ರ ತಡೆಯುತ್ತೀರಿ. ಇಲ್ಲಿ ಒಬ್ಬ ವ್ಯಾಂಪೈರ್ ತನ್ನ ಪಾಡಿಗೆ ಬೈಕ್ ತರಲು ಹೋದರೂ ತಡೆಯಬಹುದು. ಆ ಆಟದ ಅಭ್ಯಾಸವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ.

ಈಗ ಮೊದಲ ಪ್ರಶ್ನೆ, ಯಾರು ಬ್ಲಾಕ್ ಮಾಡಬಹುದು?

ಇದಕ್ಕೆ ಉತ್ತರ ಸಿಗುವುದು ಆಕ್ಷನ್ ಯಾರ ಮೇಲೆ ಅನ್ನುವುದರಿಂದ. ಇನ್ನೊಬ್ಬ ಆಟಗಾರನ ಮೇಲೆ, ಅಥವಾ ಇನ್ನೊಬ್ಬನ ಕೈಕೆಳಗಿರುವ ಕಾರ್ಡಿನ ಮೇಲೆ ಮಾಡಿದ್ದು ಡೈರೆಕ್ಟೆಡ್ ಆಕ್ಷನ್. ಕಾರ್ಡಿನ ಮೇಲೆ ವೃತ್ತದೊಳಗೆ ‘ಡಿ’ ಅಕ್ಷರ ಇರುತ್ತದೆ. ಇದನ್ನು ಬ್ಲಾಕ್ ಮಾಡುವ ಹಕ್ಕು ಗುರಿಯಾದವರಿಗೆ ಮಾತ್ರ. ಬೇರೆ ಯಾರ ಮೇಲೂ ಅಲ್ಲದ್ದು ಅನ್‌ಡೈರೆಕ್ಟೆಡ್. ಅದನ್ನು ಆಕ್ಷನ್ ಮಾಡುವವರ ಮಿಕ ಮತ್ತು ಬೇಟೆಗಾರ, ಇಬ್ಬರೂ ಬ್ಲಾಕ್ ಮಾಡಬಹುದು. ಮೊದಲ ಸರದಿ ಮಿಕನದು. ಮಿಕ ಕೈ ಚೆಲ್ಲಿದ ಮೇಲೆ ಬೇಟೆಗಾರನದು.

ತುಮಕೂರು ಶಿರಾವನ್ನು ಬ್ಲೀಡ್ ಮಾಡುತ್ತಿದೆ. ಬ್ಲಾಕ್ ಮಾಡಬಹುದಾದವರು ಶಿರಾ ಮಾತ್ರ. ಕುಣಿಗಲ್‌ಗೆ ಅದನ್ನು ತಡೆಯುವ ಆಸೆ ಎಷ್ಟೇ ಇದ್ದರೂ, ತನ್ನ ಮಿಕ ಬಲಿಯುತ್ತಿದ್ದಾನೆ ಅಂತ ಹೊಟ್ಟೆ ಉರಿದರೂ, ಸುಮ್ಮನೆ ಕೂರಬೇಕು. ಅದೇ ತುಮಕೂರಿನ ವ್ಯಾಂಪೈರ್ ಹಂಟ್‌ಗೆ ಹೊರಟಿತು ಅಂದುಕೊಳ್ಳಿ. ಇದು ಯಾರ ಮೇಲೂ ಅಲ್ಲ. ಮೊದಲು ಶಿರಾವನ್ನು ಕೇಳಬೇಕು, ಆಮೇಲೆ ಕುಣಿಗಲ್ ಅನ್ನು. ಮಧುಗಿರಿ, ತಿಪಟೂರು ಪ್ರೇಕ್ಷಕರು. ಇನ್ನು ತುಮಕೂರು ಮೇಜಿನ ಆಚೆ ಬದಿಯ ತಿಪಟೂರಿನ ಒಂದು ಲೊಕೇಶನ್ ಕಾರ್ಡನ್ನು ಸುಡಲು, ಅಂದರೆ ಬಳಸಿದ ಕಾರ್ಡುಗಳ ಗುಂಪಿಗೆ ಹಾಕಿಸಲು, ಹೊರಟರೆ? ಆಗ ತಿಪಟೂರು ಒಬ್ಬರೇ ತಡೆಯಬಹುದು, ಮಿಕನೂ ಅಲ್ಲ, ಬೇಟೆಗಾರನೂ ಅಲ್ಲದಿದ್ದರೂ. ಅಪವಾದದ ಕಾರ್ಡುಗಳಿವೆ, ಆಸ್ಪೆಕ್ಸ್ ಅನ್ನುವ ವಿದ್ಯೆ ಇರುವವರ ಈಗಲ್ಸ್ ಸೈಟ್ ಥರದವು. ಅವು ಬಂದಾಗ ಕಾರ್ಡಿನ ಮಾತೇ ನಡೆಯುತ್ತದೆ.

ಎಲ್ಲರೂ ಎಡವುವ ಒಂದು ಕಲ್ಲು ರಾಜಕೀಯ ಆಕ್ಷನ್. ಕೈನ್ ರಿಸೋರ್ಸಸ್ ಕಂಟೆಸ್ಟೆಡ್ ಅನ್ನುವ ಕಾರ್ಡ್ ತೆಗೆದುಕೊಳ್ಳಿ. ಮತ ಗೆದ್ದರೆ 4 ಪಾಯಿಂಟನ್ನು ಇಬ್ಬರ ಅಥವಾ ಹೆಚ್ಚು ಜನರ ಮೇಲೆ ಹಂಚಬಹುದು, ಅಷ್ಟಷ್ಟು ಪೂಲ್ ಅವರು ಸುಡಬೇಕು. ತಿಪಟೂರಿನವರು “ಇದು ನನ್ನ ತಲೆಗೇ ಬರುವುದು, ನಾನು ಬ್ಲಾಕ್ ಮಾಡುತ್ತೇನೆ” ಅನ್ನುತ್ತಾರೆ. ಆಗುವುದಿಲ್ಲ. ಆಕ್ಷನ್ ಅಂದರೆ ಸಭೆ ಕರೆಯುವುದು ಮಾತ್ರ. ಯಾರಿಗೆ ಎಷ್ಟು ಅನ್ನುವುದು ಆಕ್ಷನ್ ಗೆದ್ದ ಮೇಲೆ, ರೆಫರೆಂಡಂ ಅನ್ನುವ ಮತದಾನ ಶುರುವಾದಾಗ ಹೇಳುವುದು. ಆಕ್ಷನ್ ಹೊತ್ತಿನಲ್ಲಿ ಅದು ಯಾರ ಮೇಲೂ ಅಲ್ಲ. ಹಾಗಾಗಿ ಮಿಕ, ಬೇಟೆಗಾರ ಇಬ್ಬರೇ ಬ್ಲಾಕ್ ಮಾಡಬಹುದು. ತಿಪಟೂರಿನವರ ಅಸ್ತ್ರ ಮತ ಮತ್ತು ಬಾಯಿ. ಶಿರಾವನ್ನೋ ಕುಣಿಗಲ್ ಅನ್ನೋ ಪುಸಲಾಯಿಸಿ ಬ್ಲಾಕ್ ಮಾಡಿಸಬಹುದು. ಈ ಆಟದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಯಾವ ಮಿನಿಯನ್ ಬ್ಲಾಕ್ ಮಾಡಬಹುದು? ರೆಡಿ ರೀಜನ್‌ನಲ್ಲಿ, ಅಂದರೆ ಆಟಕ್ಕೆ ಸಿದ್ಧರಾದವರ ಜಾಗದಲ್ಲಿರಬೇಕು, ಲಾಕ್ ಆಗಿರಬಾರದು. ವ್ಯಾಂಪೈರ್ ಆದರೂ ಸರಿ, ಆಲೈ ಆದರೂ ಸರಿ. ಟಾರ್ಪರ್‌ನಲ್ಲಿ, ಅಂದರೆ ಏಟು ತಿಂದ ಜಡನಿದ್ರೆಯಲ್ಲಿ, ಮಲಗಿದವನು ಇಲ್ಲ. ಇನ್ನೂ ನಿಮ್ಮ ವಶಕ್ಕೆ ಬರದ, ಮಗುಚಿಟ್ಟ ಕ್ರಿಪ್ಟ್ ಕಾರ್ಡ್ (ವ್ಯಾಂಪೈರ್‌ಗಳ ಕಟ್ಟಿನದು) ಇಲ್ಲ. ಇಲ್ಲೊಂದು ಸಂಸಾರದ ಲೆಕ್ಕ ಇದೆ. ನಿಮ್ಮ ಸರದಿಯಲ್ಲಿ ಆಕ್ಷನ್ ಮಾಡಿದವನು ಲಾಕ್ ಆದ. ಅವನು ಮತ್ತೆ ಎದ್ದು ನಿಲ್ಲುವುದು ನಿಮ್ಮ ಮುಂದಿನ ಸರದಿಯ ಅನ್‌ಲಾಕ್ ಹಂತದಲ್ಲಿ. ಅಷ್ಟರೊಳಗೆ ನಿಮ್ಮ ಬೇಟೆಗಾರನ ಸರದಿ ಬಂದು ಹೋಗಿರುತ್ತದೆ. ಇರುವವರನ್ನೆಲ್ಲ ದುಡಿಯಲು ಕಳಿಸಿದರೆ ಮನೆ ಕಾಯುವವರಿಲ್ಲ. ಎಲ್ಲರನ್ನೂ ಮನೆ ಕಾಯಲು ಕೂರಿಸಿದರೆ ದುಡಿಮೆಯಿಲ್ಲ.

ಈ ಇಕ್ಕಟ್ಟಿಗಾಗಿಯೇ ವೇಕ್ ಕಾರ್ಡುಗಳಿರುವುದು. ವೇಕ್ ವಿತ್ ಈವ್ನಿಂಗ್ಸ್ ಫ್ರೆಶ್‌ನೆಸ್ ಹಾಕಿದರೆ ಲಾಕ್ ಆದ ವ್ಯಾಂಪೈರ್ ಆ ಒಂದು ಆಕ್ಷನ್ ಮುಗಿಯುವ ತನಕ ಲಾಕ್ ಆಗಿಲ್ಲವೇನೋ ಎಂಬಂತೆ ರಿಯಾಕ್ಷನ್ ಕಾರ್ಡ್ (ಬೇರೆಯವರ ಆಕ್ಷನ್‌ಗೆ ಎದುರಾಗಿ ಆಡುವ ಕಾರ್ಡ್) ಆಡಬಹುದು, ಬ್ಲಾಕ್‌ಗೆ ಪ್ರಯತ್ನಿಸಬಹುದು. ಗಮನಿಸಿ, ಕಾರ್ಡನ್ನು ನೆಟ್ಟಗೆ ತಿರುಗಿಸಬೇಡಿ. ಅದು ಅನ್‌ಲಾಕ್ ಆಗಿಲ್ಲ, ಆದಂತೆ ನಡೆದುಕೊಳ್ಳುತ್ತಿದೆ ಅಷ್ಟೇ. ತಿರುಗಿಸಿದರೆ ಮುಂದಿನ ಆಕ್ಷನ್ ಹೊತ್ತಿಗೆ ಅದು ಲಾಕ್ ಆಗಿತ್ತು ಅನ್ನುವುದನ್ನು ಮೇಜಿನವರೆಲ್ಲ ಮರೆತಿರುತ್ತಾರೆ.

ಎರಡನೆಯ ಭಾಗ ಅಂಕಿ. ಆಕ್ಷನ್ ಮಾಡುವವನಿಗೆ ಸ್ಟೆಲ್ತ್, ತಡೆಯುವವನಿಗೆ ಇಂಟರ್‌ಸೆಪ್ಟ್. ಒಂದು ಮರೆ, ಇನ್ನೊಂದು ಕಣ್ಣು. ಮರೆಯಷ್ಟೇ ಕಣ್ಣಿದ್ದರೂ ಸಾಕು, ಬ್ಲಾಕ್ ಆಗುತ್ತದೆ. ಸಮಸಮ ಆದರೆ ತಡೆಯುವವನಿಗೆ ಗೆಲುವು. ಸ್ಟೆಲ್ತ್ ಇಂಟರ್‌ಸೆಪ್ಟಿಗಿಂತ ಕನಿಷ್ಠ ಒಂದು ಹೆಚ್ಚಿದ್ದರೆ ಮಾತ್ರ ತಪ್ಪಿಸಿಕೊಳ್ಳುವುದು. ಇಬ್ಬರೂ ಶುರು ಮಾಡುವುದು 0 ಯಿಂದ.

ಆದರೆ ಕೆಲವು ಆಕ್ಷನ್‌ಗಳಿಗೆ ಹುಟ್ಟಿನಿಂದಲೇ +1 ಸ್ಟೆಲ್ತ್ ಇದೆ: ಹಂಟ್, ಸಾಮಾನು ತರುವುದು, ಆಲೈ ಅಥವಾ ರಿಟೇನರ್ (ಮಿನಿಯನ್ ಜೊತೆಗಿರುವ ಸೇವಕ) ಸೇರಿಸಿಕೊಳ್ಳುವುದು, ರಾಜಕೀಯ ಆಕ್ಷನ್, ಟಾರ್ಪರ್‌ನಿಂದ ಏಳುವುದು. ಬ್ಲೀಡ್‌ಗೆ ಇಲ್ಲ, ಅದು 0. ಇದರ ಅರ್ಥ, ಬರಿಗೈಯ ಬ್ಲೀಡನ್ನು ಯಾವ ಬರಿಗೈಯ ಮಿನಿಯನ್ ಬೇಕಾದರೂ ತಡೆಯಬಲ್ಲದು. ಬರಿಗೈಯ ಹಂಟ್ ತಡೆಯಬೇಕಾದರೆ ಎಲ್ಲಿಂದಲಾದರೂ 1 ಇಂಟರ್‌ಸೆಪ್ಟ್ ಹುಟ್ಟಿಸಬೇಕು. ಸ್ಪೋರ್ಟ್ ಬೈಕ್ ಇದ್ದರೆ ಸದಾ +1. ರೇವನ್ ಸ್ಪೈ ಅನ್ನುವ ರಿಟೇನರ್ ಇದ್ದರೂ ಅಷ್ಟೇ. ಕೆಆರ್‌ಸಿಜಿ ನ್ಯೂಸ್ ರೇಡಿಯೋ ಅನ್ನುವ ಲೊಕೇಶನ್ ಇದ್ದರೆ ಅದನ್ನು ಲಾಕ್ ಮಾಡಿ ನಿಮ್ಮ ಒಬ್ಬ ಮಿನಿಯನ್‌ಗೆ +1 ಕೊಡಬಹುದು.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಬೇಕಾದಾಗ ಮಾತ್ರ. ಸ್ಟೆಲ್ತ್ ಕಾರ್ಡನ್ನು ಅದು ಬೇಕಾದ ಹೊತ್ತಿಗೆ ಮಾತ್ರ ಆಡಬಹುದು. ಬೇಕಾದ ಹೊತ್ತು ಅಂದರೆ ಯಾರೋ ಒಬ್ಬ ಬ್ಲಾಕ್‌ಗೆ ಪ್ರಯತ್ನಿಸುತ್ತಿದ್ದಾನೆ, ಅವನ ಇಂಟರ್‌ಸೆಪ್ಟ್ ನಿಮ್ಮ ಸ್ಟೆಲ್ತಿನಷ್ಟೋ ಅದಕ್ಕಿಂತ ಹೆಚ್ಚೋ ಇದೆ. ಇಂಟರ್‌ಸೆಪ್ಟ್ ಕಾರ್ಡೂ ಹಾಗೆಯೇ. ಬ್ಲಾಕ್‌ಗೆ ಪ್ರಯತ್ನಿಸುತ್ತಿರುವ ಮಿನಿಯನ್‌ಗೆ, ಅವನು ಹಿಂದೆ ಬಿದ್ದಿರುವಾಗ ಮಾತ್ರ. ಆಕ್ಷನ್ ಘೋಷಿಸುತ್ತಲೇ “ಬ್ಲೀಡ್, ಜೊತೆಗೆ ಲಾಸ್ಟ್ ಇನ್ ಕ್ರೌಡ್ಸ್” ಅಂತ ಎರಡೂ ಕಾರ್ಡ್ ಒಟ್ಟಿಗೆ ಬಡಿಯುವವರು ಇದ್ದಾರೆ. ಹಾಗೆ ಆಡಲು ಬರುವುದಿಲ್ಲ. ಯಾರೂ ಅಡ್ಡ ಬಂದಿಲ್ಲ, ಯಾರಿಂದ ಮರೆಯಾಗುತ್ತಿದ್ದೀರಿ? ಇದರಿಂದ ಆಟಕ್ಕೂ ನಷ್ಟ. ನಿಮ್ಮ ಕೈಯಲ್ಲಿ ಸ್ಟೆಲ್ತ್ ಇದೆಯೋ ಇಲ್ಲವೋ ಗೊತ್ತಿಲ್ಲದೆ ಎದುರಿನವರು ಬ್ಲಾಕ್‌ಗೆ ಧೈರ್ಯ ಮಾಡಬೇಕು, ಮಜಾ ಇರುವುದೇ ಅಲ್ಲಿ. ಮೊದಲೇ ತೋರಿಸಿದರೆ ಆ ಲೆಕ್ಕಾಚಾರವೇ ಇಲ್ಲ.

ಇದರ ಇನ್ನೊಂದು ಮುಖ. ಹಂಟ್‌ಗೆ 1 ಸ್ಟೆಲ್ತ್ ಇದೆ. ಶಿರಾದವರು 0 ಇಂಟರ್‌ಸೆಪ್ಟ್ ಇರುವವನನ್ನು ಮುಂದೆ ತಳ್ಳಿ “ಬ್ಲಾಕ್” ಅನ್ನುತ್ತಾರೆ. “0 ಇಟ್ಟುಕೊಂಡು ಎಂಥ ಬ್ಲಾಕ್?” ಅಂತ ನಗಬೇಡಿ. ಪ್ರಯತ್ನಕ್ಕೆ ಅವಕಾಶ ಇದೆ. ಪ್ರಯತ್ನ ಶುರುವಾಗದೆ ಇಂಟರ್‌ಸೆಪ್ಟ್ ಕಾರ್ಡ್ ಆಡುವಂತೆಯೇ ಇಲ್ಲವಲ್ಲ. ತುಮಕೂರಿನವರು ಗಾಬರಿಯಾಗಿ ಈ ಹೊತ್ತಿಗೆ ಸ್ಟೆಲ್ತ್ ಹಾಕಿದರೆ ಅದು ತಪ್ಪು. 1ಕ್ಕೆ 0, ಈಗಾಗಲೇ ತಪ್ಪಿಸಿಕೊಂಡಿದ್ದೀರಿ. ಶಿರಾ ರೇಡಿಯೋ ಲಾಕ್ ಮಾಡಿ 1 ಆದ ಮೇಲಷ್ಟೇ ನಿಮ್ಮ ಸರದಿ.

ಒಂದು ಪೂರ್ತಿ ಉದಾಹರಣೆ ನಿಧಾನಕ್ಕೆ ನೋಡೋಣ. ಇಲ್ಲಿ ನೋಡಿ, ಮೇಜಿನ ಮೇಲೆ ದಾಳ ಇಟ್ಟಿದ್ದೇನೆ. ಕೆಂಪು ದಾಳ ಸ್ಟೆಲ್ತ್, ಬಿಳಿ ದಾಳ ಇಂಟರ್‌ಸೆಪ್ಟ್. ಆಕ್ಷನ್ ಮಾಡುವ ಕಾರ್ಡಿನ ಮೇಲೆ ಒಂದು, ತಡೆಯುವ ಕಾರ್ಡಿನ ಮೇಲೆ ಇನ್ನೊಂದು. 0 ಆದರೆ ದಾಳ ಇಲ್ಲ. ಬಾಯಲ್ಲಿ ಲೆಕ್ಕ ಇಟ್ಟರೆ ಮೂರನೆಯ ಕಾರ್ಡಿಗೆ ತಪ್ಪುತ್ತದೆ.

ತುಮಕೂರಿನ ಅಬ್‌ಫಸ್ಕೇಟ್ ವಿದ್ಯೆ ಬಲ್ಲ ವ್ಯಾಂಪೈರ್ ಲಾಕ್ ಆಗಿ ಶಿರಾವನ್ನು ಬ್ಲೀಡ್ ಮಾಡುತ್ತದೆ. ಸ್ಟೆಲ್ತ್ 0. ಶಿರಾ ತನ್ನ ಆಸ್ಪೆಕ್ಸ್ ವ್ಯಾಂಪೈರನ್ನು ತೋರಿಸಿ “ಇವಳು ಬ್ಲಾಕ್” ಅನ್ನುತ್ತದೆ. 0ಗೆ 0, ಸಮ. ಹೀಗೇ ಬಿಟ್ಟರೆ ಬ್ಲಾಕ್ ಆಗುತ್ತದೆ. ಈಗ ಸ್ಟೆಲ್ತ್ ಬೇಕಾಗಿದೆ. ತುಮಕೂರು ಲಾಸ್ಟ್ ಇನ್ ಕ್ರೌಡ್ಸ್ ಕಾರ್ಡನ್ನು ಸುಪೀರಿಯರ್, ಅಂದರೆ ವಿದ್ಯೆಯ ಮೇಲಿನ ಮಟ್ಟದಲ್ಲಿ ಆಡುತ್ತದೆ, +2. ಕೆಂಪು ದಾಳ 2. ಒಂದು ಸಾಕಿತ್ತು, ಎರಡು ಹಾಕಬಹುದಾ? ಹಾಕಬಹುದು. ಬೇಕಾಗಿರಬೇಕು ಅಷ್ಟೇ, ಬೇಕಾದಷ್ಟೇ ಇರಬೇಕು ಅಂತಿಲ್ಲ. ಶಿರಾ ಎನ್‌ಹಾನ್ಸ್‌ಡ್ ಸೆನ್ಸಸ್ ಸುಪೀರಿಯರ್ ಆಡುತ್ತದೆ, +2. ಬಿಳಿ ದಾಳ 2. ಮತ್ತೆ ಸಮ, ಮತ್ತೆ ಬ್ಲಾಕ್.

ಈಗ ತುಮಕೂರಿನ ಕೈಯಲ್ಲಿ ಇನ್ನೊಂದು ಲಾಸ್ಟ್ ಇನ್ ಕ್ರೌಡ್ಸ್ ಇದೆ ಅಂದುಕೊಳ್ಳಿ. ಆಡುವಂತಿಲ್ಲ. ಒಬ್ಬ ಮಿನಿಯನ್ ಒಂದೇ ಆಕ್ಷನ್‌ನಲ್ಲಿ ಒಂದೇ ಹೆಸರಿನ ಆಕ್ಷನ್ ಮಾಡಿಫೈಯರ್ (ತನ್ನ ಆಕ್ಷನ್‌ಗೆ ಬಲ ಕೊಡಲು ನಡುವೆ ಆಡುವ ಕಾರ್ಡ್) ಎರಡು ಸಲ ಆಡಲಾಗದು. ರಿಯಾಕ್ಷನ್ ಕಾರ್ಡಿಗೂ ಇದೇ ನಿಯಮ, ಶಿರಾದ ಅದೇ ವ್ಯಾಂಪೈರ್ ಇನ್ನೊಂದು ಎನ್‌ಹಾನ್ಸ್‌ಡ್ ಸೆನ್ಸಸ್ ಆಡಲಾಗದು. ಡೆಕ್ ಕಟ್ಟುವಾಗ ಒಂದೇ ಸ್ಟೆಲ್ತ್ ಕಾರ್ಡನ್ನು 12 ತುಂಬುವುದಕ್ಕಿಂತ ಬೇರೆ ಬೇರೆ ಹೆಸರಿನವು ಮೂರು ನಾಲ್ಕು ಬಗೆ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ. ತುಮಕೂರು ಈಗ ಕ್ಲೋಕ್ ದಿ ಗ್ಯಾದರಿಂಗ್ ಆಡುತ್ತದೆ, ಬೇಸಿಕ್ ಮಟ್ಟದಲ್ಲಿ +1. ಕೆಂಪು 3, ಬಿಳಿ 2. ಶಿರಾ ಕೈ ನೋಡಿಕೊಳ್ಳುತ್ತದೆ. ನೆನಪಿಡಿ, ಆಡಿದ ಕಾರ್ಡಿಗೆ ಬದಲು ಆಗಲೇ ಒಂದು ಎಳೆದು ಕೈಯನ್ನು 7ಕ್ಕೆ ತುಂಬಿಕೊಳ್ಳುವ ಆಟ ಇದು. ಎರಡು ಕ್ಷಣದ ಹಿಂದೆ ಇಲ್ಲದ ಕಾರ್ಡ್ ಈಗ ಇರಬಹುದು. ಇಲ್ಲ ಅಂದರೆ ಆ ಪ್ರಯತ್ನ ವಿಫಲ.

ಇಲ್ಲಿ ಮೂರು ಸಂಗತಿ ತಪ್ಪಾಗಿ ಆಡುವುದನ್ನು ನೋಡಬಹುದು. ಒಂದು, ವಿಫಲವಾದವಳನ್ನು ಲಾಕ್ ಮಾಡಿಬಿಡುತ್ತಾರೆ. ಬೇಡ. ಗೆದ್ದ ಬ್ಲಾಕರ್ ಮಾತ್ರ ಲಾಕ್. ಎರಡು, ಶಿರಾದ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಒಂದು ಪ್ರಯತ್ನ ಸೋತಿದೆ ಅಷ್ಟೇ, ಶಿರಾ ಇನ್ನೊಬ್ಬ ಮಿನಿಯನ್ ಮುಂದಿಡಬಹುದು. ಮೂರು, ಹೊಸಬ ಬಂದ ಕೂಡಲೇ ಕೆಂಪು ದಾಳವನ್ನು 0ಗೆ ಇಳಿಸುತ್ತಾರೆ. ಇಳಿಸಬಾರದು. ಸ್ಟೆಲ್ತ್ ಆಕ್ಷನ್ ಮುಗಿಯುವ ತನಕ ಉಳಿಯುತ್ತದೆ. ಬಿಳಿ ದಾಳ ಮಾತ್ರ ಆ ಹಳೆಯ ಬ್ಲಾಕರ್‌ನದು, ಹೊಸಬನಿಗೆ ಅವನದೇ ಲೆಕ್ಕ. ಅವನು 3ಕ್ಕೆ ಏರಬೇಕು. ಹಾಗಾಗಿ ನಿಮ್ಮಲ್ಲಿ ಇಬ್ಬರು ಬ್ಲಾಕರ್ ಇದ್ದರೆ ಯಾರನ್ನು ಮೊದಲು ಬಿಡಬೇಕು ಅನ್ನುವುದು ಯೋಚಿಸುವಂಥದ್ದು. ಕಣ್ಣಿಲ್ಲದವನನ್ನು ಮೊದಲು ಬಿಟ್ಟರೆ ಎದುರಾಳಿಯ ಒಂದು ಸ್ಟೆಲ್ತ್ ಕಾರ್ಡ್ ಖರ್ಚು ಮಾಡಿಸಿದಿರಿ, ಆದರೆ ಆ ಸ್ಟೆಲ್ತ್ ನಿಮ್ಮ ಒಳ್ಳೆಯ ಬ್ಲಾಕರ್‌ಗೂ ಗೋಡೆಯಾಗಿ ನಿಂತಿತು. ಲಾಭವೋ ನಷ್ಟವೋ ಅನ್ನುವುದು ನಿಮ್ಮ ಕೈ ನೋಡಿ ಹೇಳುವ ಮಾತು. ನಾನಾದರೆ ಒಳ್ಳೆಯವನನ್ನೇ ಮೊದಲು ಬಿಡುತ್ತೇನೆ.

ಈಗ “ಮುಗಿಯಿತು” ಅನ್ನುವ ಮಾತಿಗೆ ಬರೋಣ. ಇನ್ನು ಬ್ಲಾಕ್ ಪ್ರಯತ್ನ ಇಲ್ಲ ಅಂತ ಒಬ್ಬ ಆಟಗಾರ ತೀರ್ಮಾನಿಸಿದರೆ ಆ ಆಕ್ಷನ್ ಮಟ್ಟಿಗೆ ಅದು ಕೊನೆ. ಅನ್‌ಡೈರೆಕ್ಟೆಡ್ ಆಕ್ಷನ್‌ನಲ್ಲಿ ಶಿರಾ “ಮುಗಿಯಿತು” ಅಂದು ಸರದಿ ಕುಣಿಗಲ್‌ಗೆ ಹೋಯಿತು, ಕುಣಿಗಲ್ ಸೋತಿತು. ಆಗ ಶಿರಾ “ಹಾಗಾದರೆ ನಾನೇ ನೋಡ್ತೀನಿ” ಅಂತ ಮರಳಿ ಬರುವಂತಿಲ್ಲ. “ಅವನು ತಡೆಯಲಿ, ನನ್ನ ಕಾರ್ಡ್ ಉಳಿಯಲಿ” ಅಂತ ಇಬ್ಬರೂ ಪರಸ್ಪರ ಮುಖ ನೋಡುತ್ತಾ ಯಾರೂ ತಡೆಯದೆ ಹೋಗುವುದನ್ನು ಯಾವ ಮೇಜಿನಲ್ಲಿ ಬೇಕಾದರೂ ನೋಡಬಹುದು. ಮೊದಲು ಹೇಳಬೇಕಾದ ಮಿಕನಿಗೇ ಹೆಚ್ಚು ಕಷ್ಟ.

ಈ “ಮುಗಿಯಿತು” ಅನ್ನುವ ಮಾತಿನ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತದೆ. ಬ್ಲೀಡ್ ಹೆಚ್ಚಿಸುವ ಕಾರ್ಡುಗಳನ್ನು ಆಡುವ ಒಳ್ಳೆಯ ಹೊತ್ತು ಅದು. ಅದಕ್ಕಿಂತ ಮೊದಲು ಆಡಿದರೆ, ಬ್ಲಾಕ್ ಆದಾಗ ಆ ಕಾರ್ಡೂ ನೀರಿಗೆ ಹೋಯಿತು. ಡಿಫ್ಲೆಕ್ಷನ್ ಕಾರ್ಡಿನ ಹೊತ್ತೂ ಅದೇ. ಡಾಮಿನೇಟ್ ವಿದ್ಯೆ ಇರುವ ವ್ಯಾಂಪೈರ್, ತನ್ನ ಕಡೆಯ ಬ್ಲಾಕ್‌ಗಳು ಮುಗಿದವು ಅಂತ ಆದ ಮೇಲೆ, ಬ್ಲೀಡನ್ನು ಬೇರೆಯವರ ಕಡೆ ತಿರುಗಿಸುವುದು. ತುಮಕೂರು ಗವರ್ನ್ ದಿ ಅನ್‌ಅಲೈನ್ಡ್ ಬೇಸಿಕ್ ಹಾಕಿ ಬ್ಲೀಡ್‌ಗೆ ಹೊರಟಿತು: ಮೂಲ 1, ಕಾರ್ಡಿನಿಂದ 2, ಒಟ್ಟು 3. ಶಿರಾ “ಇಲ್ಲ, ಮುಗಿಯಿತು” ಅಂದಿತು. ಕಾರ್ಡ್ ಆಡುವ ಮೊದಲ ಹಕ್ಕು ಯಾವಾಗಲೂ ಆಕ್ಷನ್ ಮಾಡುವವರದು, ಈಗ ತುಮಕೂರಿನದು. ಕಂಡಿಷನಿಂಗ್ ಸುಪೀರಿಯರ್ ಹಾಕಿದರೆ +3, ಒಟ್ಟು 6. ಹಾಕದೆ ಕಾಯಬಹುದಾ, ಶಿರಾ ತಿರುಗಿಸುತ್ತದೋ ನೋಡಿಕೊಂಡು? ಕಾಯಬಹುದು, ಆದರೆ ನೀವು ಸುಮ್ಮನಿದ್ದು ಶಿರಾವೂ ಸುಮ್ಮನಿದ್ದರೆ ಬ್ಲೀಡ್ 3ಕ್ಕೇ ಮುಗಿಯಿತು. ಮತ್ತೆ ಅವಕಾಶ ಸಿಗುವುದು ಎದುರಿನವರು ಏನಾದರೂ ಆಡಿದರೆ ಮಾತ್ರ.

ಸರಿ, ತುಮಕೂರು ಕಂಡಿಷನಿಂಗ್ ಹಾಕಿತು, 6. ಶಿರಾ ಡಿಫ್ಲೆಕ್ಷನ್ ಆಡಿ ಬ್ಲೀಡನ್ನು ಮಧುಗಿರಿಯ ಕಡೆ ತಿರುಗಿಸಿತು. ಆಕ್ಷನ್ ಮಾಡುವವರನ್ನು ಬಿಟ್ಟು ಯಾರನ್ನು ಬೇಕಾದರೂ ಆರಿಸಬಹುದು, ಆರಿಸುವುದು ಶಿರಾ. ಇಲ್ಲಿ ಆಟಗಾರರು ಮರೆಯುವುದು, ಮಧುಗಿರಿಗೆ ಈಗ ಬ್ಲಾಕ್ ಹಕ್ಕು ಹೊಸದಾಗಿ ಹುಟ್ಟಿತು. “ಬ್ಲಾಕ್ ಇದೆಯಾ?” ಅಂತ ಮತ್ತೆ ಕೇಳಬೇಕು, ಈ ಸಲ ಮಧುಗಿರಿಯನ್ನು. ಆಗಲೇ ಗಳಿಸಿದ ಸ್ಟೆಲ್ತ್ ಹಾಗೆಯೇ ಇದೆ, 6ರ ಬ್ಲೀಡೂ ಹಾಗೆಯೇ ಇದೆ. ಮಧುಗಿರಿ ತಡೆಯದೆ ಅದರ ಪೂಲ್ ಮುಗಿಯಿತು ಅಂತಿಟ್ಟುಕೊಳ್ಳಿ. ವಿಕ್ಟರಿ ಪಾಯಿಂಟ್ ಯಾರಿಗೆ? ದುಡಿದದ್ದು ತುಮಕೂರು, ಆದರೆ ಮಧುಗಿರಿಯ ಬೇಟೆಗಾರ ಶಿರಾ. ಪಾಯಿಂಟೂ 6 ಪೂಲೂ ಶಿರಾಕ್ಕೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುತ್ತೇವಲ್ಲ, ಅದೇ. ಅದಕ್ಕೇ ಮಿಕನ ಮಿಕ ಬಡವಾಗಿರುವಾಗ, ಮಿಕನ ಹತ್ತಿರ ಡಾಮಿನೇಟ್ ಇರುವಾಗ, ದೊಡ್ಡ ಬ್ಲೀಡ್ ಮಾಡುವ ಮೊದಲು ಎರಡು ಸಲ ಯೋಚಿಸಿ.

ಬ್ಲಾಕ್ ಗೆದ್ದರೆ ಏನಾಗುತ್ತದೆ ಅನ್ನುವುದು ಚಿಕ್ಕದು. ಬ್ಲಾಕರ್ ಲಾಕ್ ಆಗುತ್ತಾನೆ, ಇಬ್ಬರಿಗೂ ಕಾಳಗ. ಆಕ್ಷನ್ ಕಾರ್ಡ್ ಸುಟ್ಟುಹೋಗುತ್ತದೆ, ಆದರೆ ಅದರ ಬೆಲೆ ಕೊಡಬೇಕಿಲ್ಲ. ಆಕ್ಷನ್ ಕಾರ್ಡಿನ ಬೆಲೆ ಕೊಡುವುದು ಯಶಸ್ವಿಯಾದಾಗ. ದಾರಿಯಲ್ಲಿ ಆಡಿದ ಮಾಡಿಫೈಯರ್‌ಗಳಿಗೆ ಕೊಟ್ಟ ರಕ್ತ ಮಾತ್ರ ವಾಪಸ್ ಇಲ್ಲ, ಅವು ಆಡಿದ ಕ್ಷಣಕ್ಕೇ ಸಂದಾಯ. ಕಾಳಗದ ನಿಯಮ ಇನ್ನೊಂದು ದಿನದ ಮಾತು. ಇಷ್ಟು ಹೇಳಬಹುದು: ತಡೆಯಲು ಆಗುತ್ತದೆ ಅಂದ ಮಾತ್ರಕ್ಕೆ ತಡೆಯಬೇಕು ಅಂತಿಲ್ಲ. ನಿಮ್ಮ 3 ರಕ್ತದ ಮರಿ ಹೋಗಿ ಎದುರಿನ ಗಟ್ಟಿಗನ 1ರ ಬ್ಲೀಡನ್ನು ತಡೆದು, ಏಟು ತಿಂದು ಟಾರ್ಪರ್ ಸೇರಿದರೆ, 1 ಪೂಲ್ ಉಳಿಸಲು ಒಬ್ಬ ಆಳನ್ನು ಕಳೆದುಕೊಂಡಿರಿ.

ನೀವು ಚೀಟಿಯಲ್ಲಿ ಬರೆದು ಕೊಟ್ಟ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಇಬ್ಬರೇ ಉಳಿದಾಗ? ಆಗ ಎದುರಿನವರೇ ಮಿಕ, ಎದುರಿನವರೇ ಬೇಟೆಗಾರ. ಎಲ್ಲ ಆಕ್ಷನ್ ತಡೆಯುವ ಹಕ್ಕೂ ಅವರೊಬ್ಬರಿಗೇ. ಒಂದೇ ಸಲ ಕೇಳಿದರೆ ಸಾಕು. ಮಿಕನಾಗಿ “ಇಲ್ಲ” ಅಂದವರು ಬೇಟೆಗಾರನಾಗಿ “ಇದೆ” ಅಂತ ಎರಡನೆಯ ಅವಕಾಶ ಕೇಳುವಂತಿಲ್ಲ.

ಎರಡನೆಯದು ಸ್ವಲ್ಪ ಭಯಂಕರ: ಟಾರ್ಪರ್‌ನಿಂದ ಏಳುತ್ತಿರುವವನನ್ನು ಬ್ಲಾಕ್ ಮಾಡಿದರೆ ಕಾಳಗ ಹೇಗೆ? ಕಾಳಗವೇ ಇಲ್ಲ. ಟಾರ್ಪರ್‌ನಿಂದ ಏಳುವುದು +1 ಸ್ಟೆಲ್ತ್ ಇರುವ ಅನ್‌ಡೈರೆಕ್ಟೆಡ್ ಆಕ್ಷನ್, ಬೆಲೆ 2 ರಕ್ತ. ಮಿಕ, ಬೇಟೆಗಾರ ತಡೆಯಬಹುದು. ತಡೆದದ್ದು ಆಲೈ ಆದರೆ ಮಲಗಿದವನು ಮಲಗಿಯೇ ಇರುತ್ತಾನೆ, ಅಷ್ಟಕ್ಕೇ ಮುಗಿಯಿತು. ತಡೆದದ್ದು ವ್ಯಾಂಪೈರ್ ಆದರೆ, ಬೇಕಿದ್ದರೆ ಅವನನ್ನು ಅಲ್ಲಿಯೇ ಡಯಾಬ್ಲರೈಸ್ ಮಾಡಬಹುದು, ಅಂದರೆ ರಕ್ತ ಪೂರ್ತಿ ಹೀರಿ ಸುಟ್ಟುಬಿಡಬಹುದು. ಆಮೇಲೆ ಬ್ಲಡ್ ಹಂಟ್ ಮತಕ್ಕೆ ಬರುತ್ತದೆ, ಹೀರಿದವನೇ ಸುಟ್ಟುಹೋಗಬಹುದು. ಆದ್ದರಿಂದ ನಿಮ್ಮವನನ್ನು ಏಳಿಸುವ ಮೊದಲು ಎರಡೂ ಪಕ್ಕ ನೋಡಿ: ಲಾಕ್ ಆಗದ ವ್ಯಾಂಪೈರ್ ಯಾರ ಹತ್ತಿರ ಇದೆ, ಅದರ ಮೇಲೆ ಬೈಕ್ ಇದೆಯಾ, ಆ ಕಡೆ ರೇಡಿಯೋ ಲಾಕ್ ಆಗಿದೆಯಾ. ಬೈಕೂ ಇದ್ದು ರೇಡಿಯೋನೂ ತೆರೆದಿದ್ದರೆ 2 ಇಂಟರ್‌ಸೆಪ್ಟ್ ಸಿದ್ಧವಿದೆ ಅಂತ ಲೆಕ್ಕ. ಕೈಯಲ್ಲಿ ಕನಿಷ್ಠ 2 ಸ್ಟೆಲ್ತ್ ಇಲ್ಲದಿದ್ದರೆ ಅವನು ಇನ್ನೊಂದು ಸುತ್ತು ಮಲಗಿರಲಿ.